ಟೇಕ್ವಾಂಡೊ ಎರಡು ಸಾವಿರ ವರ್ಷ ಹಳೆಯದಲ್ಲ

ಮಾನ್ಯ ಸಂಪಾದಕರೇ,

ಉಪಜಿಲ್ಲಾ ಮಟ್ಟದ ಶಾಲಾ ಟೇಕ್ವಾಂಡೊ ಸ್ಪರ್ಧೆಯ ವರದಿಯನ್ನು ತಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಓದಿದೆ. ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಗೆಲುವಿಗೆ ಅಷ್ಟು ಜಾಗ ಕೊಟ್ಟದ್ದು ಮೆಚ್ಚತಕ್ಕದ್ದು. ಆದರೆ ಕೊರಿಯಾದ ಈ ಸಮರಕಲೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದು ಅದರಲ್ಲಿ ಬರೆದಿರುವುದನ್ನು ಹಾಗೆಯೇ ಬಿಡುವಂತಿಲ್ಲ. ತರಬೇತಿ ಕೇಂದ್ರಗಳ ಫ್ಲೆಕ್ಸ್‌ಗಳಲ್ಲಿಯೂ ಇದೇ ಮಾತು ಕಾಣುತ್ತದೆ. ಕೇರಳದ ಸಮರಕಲೆಯಾದ ಕಳರಿಯ ಮೂಲವನ್ನು ಪರಶುರಾಮನ ತನಕ ಒಯ್ಯದೆ ಸಮಾಧಾನಪಡದ ನಾಡಿನವರಾದ ನಮಗೆ ಇಂಥ ಮಾತು ಸುಲಭವಾಗಿ ರುಚಿಸುತ್ತದೆ ಎನ್ನುವುದು ಬೇರೆ ವಿಷಯ.

ಟೇಕ್ವಾಂಡೊ ಎಂಬ ಹೆಸರು ಅಂಗೀಕಾರವಾದದ್ದು 1955ರ ಏಪ್ರಿಲ್ 11ರಂದು. ಅದನ್ನು ಮುಂದಿಟ್ಟವರು ದಕ್ಷಿಣ ಕೊರಿಯಾದ ಸೇನಾಧಿಕಾರಿ ಚೊಯ್ ಹಾಂಗ್ ಹೀ. 1918ರಲ್ಲಿ, ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಊರೊಂದರಲ್ಲಿ ಹುಟ್ಟಿದ ಅವರು ಓದಿಗೆಂದು ಜಪಾನಿಗೆ ಹೋಗಿ ಅಲ್ಲಿ ಕರಾಟೆ ಕಲಿತರು. ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆಗೆ ಸೇರಲೇಬೇಕಾಗಿ ಬಂದು, ದಂಗೆಯ ಸಂಚು ಹೂಡಿದ ಆರೋಪದ ಮೇಲೆ ಪ್ಯಾಂಗ್ಯಾಂಗಿನ ಸೆರೆಮನೆಯಲ್ಲಿದ್ದು, 1945ರಲ್ಲಿ ಜಪಾನ್ ಸೋತ ಮೇಲೆ ಬಿಡುಗಡೆ ಹೊಂದಿದರು. ಹೊಸ ದೇಶದ ಸೇನೆಯಲ್ಲಿ ಜನರಲ್ ಪದವಿಗೇರಿದ ಅವರು ಸೈನಿಕರಿಗೆ ಕಲಿಸುತ್ತ ಬಂದದ್ದು ಆ ಕರಾಟೆಯ ತಳಹದಿಯ ಮೇಲೆ ಕಟ್ಟಿದ ವಿದ್ಯೆಯನ್ನೇ. ಸೈನಿಕರ ಪ್ರದರ್ಶನವನ್ನು ನೋಡಿದ ಅಧ್ಯಕ್ಷ ಸಿಂಗ್‌ಮನ್ ರೀ, ಇದು ನಮ್ಮ ಹಳೆಯ ತೆಕ್ಯಾನ್ ಕಲೆಯೇ ಎಂದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಜಪಾನಿನ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡ ಜನತೆಗೆ ಜಪಾನಿನ ಋಣವನ್ನು ಒಪ್ಪಿಕೊಳ್ಳುವುದಕ್ಕಿಂತ ಪ್ರಾಚೀನತೆಯನ್ನು ಹೇಳಿಕೊಳ್ಳುವುದು ಹಿತವಾಗಿದ್ದೀತು. ಚೊಯ್ ಒಬ್ಬರೇ ಇದರ ಜನಕರು ಎನ್ನುವುದೂ ಪೂರ್ತಿ ಸರಿಯಲ್ಲ. ಸಿಯೋಲಿನಲ್ಲಿ ಅದೇ ಕಾಲದಲ್ಲಿ ಹಲವು ಗುರುಗಳು ತಂತಮ್ಮ ಶಾಲೆಗಳನ್ನು ನಡೆಸುತ್ತಿದ್ದರು.

ಆದರೂ ಚೊಯ್ ಅವರದ್ದೇ ಎನ್ನಬಹುದಾದ ಒಂದು ಕೊಡುಗೆಯಿದೆ. ಕ್ರಮಬದ್ಧವಾದ ಹೆಜ್ಜೆ, ಏಟು, ತಡೆಗಳ 24 ವರಸೆಗಳನ್ನು ರೂಪಿಸಿ, ಅವುಗಳಲ್ಲಿ ಹೆಚ್ಚಿನವಕ್ಕೆ ಕೊರಿಯಾದ ಇತಿಹಾಸಪುರುಷರ ಹೆಸರಿಟ್ಟರು. ಜಪಾನಿನ ಹಿರಿಯ ಮುತ್ಸದ್ದಿ ಇಟೊ ಹಿರೊಬುಮಿಯನ್ನು ಹತ್ಯೆಗೈದು 1910ರಲ್ಲಿ ಮರಣದಂಡನೆಗೆ ಗುರಿಯಾದ ಆನ್ ಜುಂಗ್ ಗುನ್‌ನ ಹೆಸರಿನ ವರಸೆಯಲ್ಲಿ 32 ಚಲನೆಗಳಿವೆ. ಕೊರಿಯದ ಲೆಕ್ಕದಂತೆ ಅದು ಆತನ ಪ್ರಾಯ. ಕೊರಿಯಕ್ಕೆ ಲಿಪಿ ಕೊಟ್ಟ ದೊರೆ ಸೆಜೊಂಗನ ವರಸೆಯಲ್ಲಿ ಅಕ್ಷರಕ್ಕೊಂದರಂತೆ 24 ಚಲನೆಗಳು. ಕನ್ನಡ ಶಾಲೆಗಳ ಉಳಿವಿಗಾಗಿ ಅರ್ಜಿ ಬರೆದೇ ಅರ್ಧ ಆಯುಷ್ಯ ಕಳೆದ ನಮ್ಮ ತಲೆಮಾರಿನವರಿಗೆ ಈ ಒಂದು ವಿವರ ಸಾಕು, ಚೊಯ್ ಅವರ ಮೇಲೆ ಗೌರವ ಹುಟ್ಟುವುದಕ್ಕೆ.

ಅವರ ಉತ್ತರಾರ್ಧ ನೆಮ್ಮದಿಯದಲ್ಲ. ಮಲೇಷ್ಯಾದಲ್ಲಿ ರಾಯಭಾರಿಯಾಗಿದ್ದು, 1966ರಲ್ಲಿ ಸಿಯೋಲಿನಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟವನ್ನು ಸ್ಥಾಪಿಸಿದ ಅವರು, ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರ ಸರಕಾರದೊಂದಿಗೆ ಹೊಂದಿಕೆಯಾಗದೆ 1972ರಲ್ಲಿ ಕೆನಡಾ ಸೇರಿದರು. ಮರುವರ್ಷವೇ ಸಿಯೋಲಿನಲ್ಲಿ ಬೇರೊಂದು ವಿಶ್ವ ಒಕ್ಕೂಟ ಹುಟ್ಟಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾದದ್ದು ಅದರ ನಿಯಮದ ಟೇಕ್ವಾಂಡೊ, ನಮ್ಮ ಶಾಲಾ ಮಕ್ಕಳು ಆಡುವುದೂ ಅದನ್ನೇ. 1980ರಲ್ಲಿ ಚೊಯ್ ತಮ್ಮ ಕಲೆಯನ್ನು ಉತ್ತರ ಕೊರಿಯಾಕ್ಕೆ ಒಯ್ದಾಗ ದಕ್ಷಿಣದವರ ಕಣ್ಣಿಗೆ ದ್ರೋಹಿಯಾದರು. ಉತ್ತರದಲ್ಲಿ ಬಂಧನಕ್ಕೊಳಗಾದ ರಾಷ್ಟ್ರೀಯವಾದಿ ನಾಯಕ ಚೊ ಮಾನ್ ಸಿಕ್‌ರ ಸ್ಮರಣೆಯ ವರಸೆಯನ್ನು ಕೈಬಿಟ್ಟು, ಅದರ ಜಾಗಕ್ಕೆ ಅಲ್ಲಿನ ಆಳುವ ಸಿದ್ಧಾಂತವಾದ ‘ಜೂಚೆ’ಯ ಹೆಸರನ್ನು ತಂದದ್ದನ್ನು ನಾನಂತೂ ಸಮರ್ಥಿಸಲಾರೆ. ಆದರೆ ಹುಟ್ಟೂರು ಗಡಿಯ ಆಚೆಗೆ ಉಳಿದವನ ಸೆಳೆತ ಎಂಥದ್ದೆಂದು ತಮ್ಮೂರು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ ಒಂದನ್ನು ಕಂಡ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2002ರ ಜೂನ್ 15ರಂದು ಅವರು ತೀರಿಕೊಂಡದ್ದು ಪ್ಯಾಂಗ್ಯಾಂಗಿನಲ್ಲಿ, ಮಣ್ಣಾದದ್ದೂ ಅಲ್ಲಿಯೇ. ಅವರ ಒಕ್ಕೂಟ ಆಮೇಲೆ ಒಡೆದು ಹಲವಾಯಿತು. 2018ರಲ್ಲಿ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಉದ್ಘಾಟನೆಗೆ ಮುನ್ನ ಉತ್ತರ, ದಕ್ಷಿಣದ ತಂಡಗಳು ಒಂದೇ ವೇದಿಕೆಯಲ್ಲಿ ಪ್ರದರ್ಶನ ಕೊಟ್ಟಾಗ ಅದನ್ನು ನೋಡಲು ಅವರಿರಲಿಲ್ಲ.

ಬೆಲ್ಟ್ ಪರೀಕ್ಷೆಗೆ ನಮ್ಮ ಮಕ್ಕಳ ಕೈಗೆ ಬರುವ ಪುಸ್ತಿಕೆಗಳು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತವೆ. ನಾನು ಕಂಡವುಗಳಲ್ಲಿ ಚೊಯ್ ಅವರ ಹೆಸರೇ ಇರಲಿಲ್ಲ. ಆದ್ದರಿಂದ ತಾವು ವರದಿಗೆ ತಿದ್ದುಪಡಿ ಪ್ರಕಟಿಸಬೇಕೆಂದೂ, ಜಿಲ್ಲೆಯ ತರಬೇತುದಾರರು ಈ ಚರಿತ್ರೆಯನ್ನು ಅದರ ಜಗಳಗಳ ಸಮೇತ ಅರ್ಧ ಪುಟದಷ್ಟಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಬೇಕೆಂದೂ ವಿನಂತಿಸುತ್ತೇನೆ. ಕರಡು ತಿದ್ದಿಕೊಡುವ ಕೆಲಸ ನನಗಿರಲಿ.

– ನಿವೃತ್ತ ಸಮಾಜ ವಿಜ್ಞಾನ ಅಧ್ಯಾಪಕ, ನೀರ್ಚಾಲು, ಕಾಸರಗೋಡು ಜಿಲ್ಲೆ