ಉತ್ತರಕ್ಕೆ ಕಾಯುವ ವ್ಯವಧಾನ ನಮಗೂ ಬೇಕು

ಮಾನ್ಯ ಸಂಪಾದಕರೇ,

ಆಟಿಸಂ (ಸ್ವಲೀನತೆ, ಅಂದರೆ ಮಾತು, ಒಡನಾಟ, ಗ್ರಹಿಕೆಗಳು ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಮಕ್ಕಳಿಗೆ ಮಾತು ಕಲಿಸುವ ಬಗ್ಗೆ ಪ್ರತಿವರ್ಷ ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನದ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ. ಅವರೊಡನೆ ಮಾತನಾಡುವುದನ್ನು ಉಳಿದವರು ಕಲಿಯಬೇಕೆಂಬ ಮಾತು ಮಾತ್ರ ಕೇಳಿಬರುವುದು ಅಪರೂಪ. ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ, ಅವನೀಗ ಹದಿಹರೆಯ ದಾಟಿದ್ದಾನೆ. ಅವನ ಜೊತೆ ಕೊಪ್ಪಳದ ಬ್ಯಾಂಕು, ಆಸ್ಪತ್ರೆ, ಕಚೇರಿಗಳಿಗೆ ಓಡಾಡುವ ನನಗೆ ಈ ಎರಡನೆಯದೇ ಹೆಚ್ಚು ತುರ್ತಿನದು ಎನಿಸಿದೆ.

ಇತ್ತೀಚೆಗೆ ಬ್ಯಾಂಕಿನ ಕೌಂಟರಿನಲ್ಲಿ ಸಿಬ್ಬಂದಿಯೊಬ್ಬರು ಅವನನ್ನು, ‘ಪಾಸ್‌ಬುಕ್ ತಂದೀಯೇನು, ಎಷ್ಟು ತೆಗೀಬೇಕು, ಯಾರ ಜೋಡಿ ಬಂದೀದಿ?’ ಎಂದು ಒಂದೇ ಉಸಿರಿಗೆ ಕೇಳಿದರು. ಪಾಸ್‌ಬುಕ್ ಅವನ ಕೈಯಲ್ಲೇ ಇತ್ತು. ತಾನೇ ತುಂಬಿದ ಚೀಟಿಯೂ ಅದರೊಳಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ ಅವನು ‘ಯಾರ ಜೋಡಿ ಬಂದೀದಿ’ ಎಂದು ಕೊನೆಯ ಪ್ರಶ್ನೆಯನ್ನೇ ತಿರುಗಿ ಹೇಳಿದ. ಅಣಕಿಸುತ್ತಿದ್ದಾನೆಂದು ತಿಳಿದ ಅವರು ದನಿ ಏರಿಸಿದರು, ಸರದಿಯಲ್ಲಿದ್ದ ಕೆಲವರು ನಕ್ಕರು, ಅವನು ಎರಡೂ ಕಿವಿ ಮುಚ್ಚಿಕೊಂಡ. ಆಗ ಪಕ್ಕದ ಕೌಂಟರಿನಲ್ಲಿದ್ದ ಮಹಿಳೆ ಚೀಟಿ ತೆಗೆದುಕೊಂಡು, ‘ಎರಡು ಸಾವಿರ ಬೇಕೇನಪಾ?’ ಎಂದಷ್ಟೇ ಕೇಳಿ ಕಾದರು. ತುಸು ತಡವಾಗಿಯಾದರೂ ‘ಹೌದ್ರಿ’ ಎಂಬ ಸ್ಪಷ್ಟ ಉತ್ತರ ಬಂತು.

ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವುದು ಆಟಿಸಂ ಇರುವ ಹಲವರಲ್ಲಿ ಕಂಡುಬರುತ್ತದೆ. ತಜ್ಞರು ಇದನ್ನು ಎಕೋಲಾಲಿಯಾ ಎನ್ನುತ್ತಾರೆ. ಎಷ್ಟೋ ಸಲ ಅದು ಉತ್ತರ ಹುಡುಕಿಕೊಳ್ಳಲು ಬೇಕಾದ ಸಮಯವನ್ನು ಒದಗಿಸುತ್ತದೆಯೇ ಹೊರತು ಅದರಲ್ಲಿ ಉದ್ಧಟತನವಿರುವುದಿಲ್ಲ. ‘ಮುಖ ನೋಡಿ ಮಾತಾಡು’ ಎಂಬ ಒತ್ತಾಯವೂ ಇಂಥದ್ದೇ. ಎದುರಿನವರ ಕಣ್ಣನ್ನು ದಿಟ್ಟಿಸುತ್ತಲೇ ಅವರ ಮಾತನ್ನು ಗ್ರಹಿಸುವುದು ಇವರಲ್ಲಿ ಅನೇಕರಿಗೆ ಬಹಳ ಕಷ್ಟ. ಗೋಡೆ ನೋಡುತ್ತ ನಿಂತವನು ನಿಮ್ಮ ಮಾತನ್ನು ಪೂರ್ತಿ ಕೇಳುತ್ತಿರಬಹುದು. ಕಚೇರಿಗಳಲ್ಲಿ ಸಲೀಸಾಗಿ ಹೇಳಿಬಿಡುವ ‘ಆಮೇಲೆ ಬಾ’ ಎಂಬುದರಿಂದ ಅಕ್ಕನ ಮಗನಿಗೆ ಏನೂ ತಿಳಿಯದು, ಬಾಗಿಲಲ್ಲೇ ನಿಂತಿರುತ್ತಾನೆ. ‘11 ಗಂಟೆಗೆ ಬಾ’ ಎಂದರೆ ಸರಿಯಾಗಿ 11ಕ್ಕೆ ಬರುತ್ತಾನೆ.

ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿಯೇ, ಸಂವಹನ ಮುರಿದುಬೀಳುವುದಕ್ಕೆ ಒಂದೇ ಕಡೆಯವರ ಕೊರತೆ ಕಾರಣವಲ್ಲ, ಭಿನ್ನವಾಗಿ ಲೋಕವನ್ನು ಗ್ರಹಿಸುವ ಇಬ್ಬರೂ ಪರಸ್ಪರರನ್ನು ಅರಿಯಲಾರದೆ ಸೋಲುತ್ತಾರೆ ಎಂದು ವಾದಿಸಿದ್ದರು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಹಾಗೆಂದು ಸಂಭಾಷಣೆಯ ತರಬೇತಿ ಬೇಡವೆಂದಲ್ಲ. ‘ಇನ್ನೊಮ್ಮೆ ಹೇಳ್ರಿ’, ‘ಸ್ವಲ್ಪ ತಡೀರಿ’, ‘ನನಗ ಬ್ಯಾಡ’ ಎನ್ನಲು ಕಲಿತವನಿಗೆ ಬದುಕು ಖಂಡಿತ ಹಗುರವಾಗುತ್ತದೆ. ಆದರೆ ಅದನ್ನು ಮನೆಯಲ್ಲಿ, ಸಂತೆಯಲ್ಲಿ ಕಿವಿಗೆ ಬೀಳುವ ನಮ್ಮ ಭಾಗದ ಮಾತಿನಲ್ಲೇ ಕಲಿಸಬೇಕು. ಎಲ್ಲರಂತೆ ಕಾಣಿಸುವ ನಟನೆಯನ್ನು ಕಲಿಸುವ ತರಬೇತಿ ಮಾತ್ರ ಬೇಡ, ಅದು ಅವರನ್ನು ಒಳಗೊಳಗೇ ದಣಿಸುತ್ತದೆ.

ಬೇಕಾದ್ದನ್ನು ತೋರಿಸಿ ತಿಳಿಸಲೆಂದು ಚಿತ್ರದ ಕಾರ್ಡು, ಮೊಬೈಲ್ ಆ್ಯಪ್ ಕೊಟ್ಟರೆ ಮಗು ಮಾತನ್ನೇ ಬಿಟ್ಟೀತೆಂದು ಅನೇಕ ಪಾಲಕರು ಅಂಜುತ್ತಾರೆ. ಅಂಜಿಕೆ ಸಹಜವೇ, ಆದರೆ ಇವು ಮಾತಿನ ಬೆಳವಣಿಗೆಯನ್ನು ತಡೆಯುತ್ತವೆ ಎಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಆಟಿಸಂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಬರಹ, ಚಿತ್ರ, ಸಂಜ್ಞೆ, ಸರಳ ಭಾಷೆ, ಪರ್ಯಾಯ ಸಾಧನಗಳೆಲ್ಲವನ್ನೂ ‘ಸಂವಹನ’ ಎಂದೇ ಪರಿಗಣಿಸಿದೆ. ಹೀಗಿರುವಾಗ ಬರೆದು ತೋರಿಸಿದ ಉತ್ತರವನ್ನು ಕೌಂಟರಿನಲ್ಲಿ ‘ಬಾಯಿ ಬಿಟ್ಟು ಹೇಳು’ ಎಂದು ತಿರಸ್ಕರಿಸುವುದು ಸರಿಯಲ್ಲ.

ಮಕ್ಕಳ ಆರೋಗ್ಯ, ಬೆಳವಣಿಗೆಯ ತೊಂದರೆಗಳನ್ನು ಗುರುತಿಸುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ 18 ವರ್ಷದವರೆಗಿನವರಿಗೆ. ಆ ವಯಸ್ಸು ದಾಟಿದವರು ಪೇಟೆ, ಕಚೇರಿ, ಬಸ್‌ನಿಲ್ದಾಣಗಳಲ್ಲಿ ನಿತ್ಯ ಎದುರಿಸುವುದು ವೈದ್ಯರನ್ನಲ್ಲ, ನಮ್ಮ ನಿಮ್ಮಂಥವರನ್ನು. ಆದ್ದರಿಂದ ಜಿಲ್ಲಾಡಳಿತವು ಬ್ಯಾಂಕ್, ಸಾರಿಗೆ, ಆಸ್ಪತ್ರೆ ಮತ್ತು ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ವಾಕ್‌ ತಜ್ಞರಿಂದ ಅರ್ಧ ದಿನದ ತರಬೇತಿಯನ್ನಾದರೂ ಕೊಡಿಸಬೇಕು. ಆಟಿಸಂ ಇರುವ ವಯಸ್ಕರನ್ನೂ ಅವರ ಮನೆಯವರನ್ನೂ ಅಲ್ಲಿಗೆ ಕರೆಸಿ, ಏನು ಮಾಡಿದರೆ ಅನುಕೂಲವೆಂದು ಅವರನ್ನೇ ಕೇಳಬೇಕು.

– ಆಟಿಸಂ ಇರುವ ಯುವಕನ ಸೋದರಮಾವ, ಕೊಪ್ಪಳ