ಆ ಮೇಣದ ಅಚ್ಚನ್ನು ಎಸೆಯಲು ಬಿಡಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವಂದನೆಗಳು.

ಒಂಬತ್ತು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಎಡ ಸ್ತನದ ಕ್ಯಾನ್ಸರ್ ಬಂದಿತ್ತು. ಚಿಕಿತ್ಸೆ ಮುಗಿಸಿ, ಮಗಳ ಮದುವೆಯನ್ನೂ ಮಾಡಿ ನೆಮ್ಮದಿಯಾಗಿದ್ದಳು. ಕಳೆದ ವರ್ಷ ಬಲ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿ ವರದಿ ಬಂದ ದಿನದಿಂದ ನಮ್ಮನ್ನು ಕಾಡಿದ್ದು ಒಂದೇ ಪ್ರಶ್ನೆ: ಹಳೆಯ ಕಾಯಿಲೆಯೇ ಮರಳಿತೋ, ಇದು ಬೇರೆಯೋ?

ಹೊಸದಾಗಿ ಹುಟ್ಟಿದ ಗಡ್ಡೆಯಾದರೆ ಪೂರ್ತಿ ಗುಣಪಡಿಸುವ ಗುರಿಯಿಟ್ಟು ಚಿಕಿತ್ಸೆ ನಡೆಯುತ್ತದೆ. ಹಳೆಯದೇ ಹರಡಿದ್ದರೆ ಔಷಧವೂ ಬೇರೆ, ನಿರೀಕ್ಷೆಯೂ ಬೇರೆ. ಮೊದಲ ಗಡ್ಡೆಯಲ್ಲಿ ಈಸ್ಟ್ರೊಜನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿದ್ದವು, ಎರಡನೆಯದರಲ್ಲಿ ಇರಲಿಲ್ಲ. ಹಾಗಾದರೆ ಬೇರೆಯೇ ಎಂದು ನಾವು ಸಮಾಧಾನಪಟ್ಟುಕೊಂಡೆವು. ಮರುಕಳಿಸಿದ ಕ್ಯಾನ್ಸರಿನಲ್ಲೂ ಗ್ರಾಹಕಗಳು ಬದಲಾಗುವುದುಂಟು ಎಂದರು ವೈದ್ಯರು. ಎರಡೂ ಗಡ್ಡೆಗಳ ಡಿಎನ್‌ಎ ಹೋಲಿಸಿದರೆ ಹೆಚ್ಚು ಗಟ್ಟಿಯಾದ ಉತ್ತರ ಸಿಗುತ್ತದೆ. ಅಪರೂಪದ ಬದಲಾವಣೆಗಳು ಹಲವು ಎರಡರಲ್ಲೂ ಕಂಡರೆ ಅವು ಒಂದೇ ಜೀವಕೋಶದ ಸಂತತಿ. ಒಂದೂ ತಾಳೆಯಾಗದಿದ್ದರೆ ಬೇರೆ ಬೇರೆ ಹುಟ್ಟು.

ಹೋಲಿಸಲು ಹಳೆಯ ಗಡ್ಡೆ ಬೇಕಲ್ಲ? ತೆಗೆದ ಅಂಗಾಂಶದ ತುಣುಕನ್ನು ಮೇಣದಲ್ಲಿ ಅಚ್ಚು ಹಾಕಿ ಇಡುತ್ತಾರೆ, ಅದನ್ನು ಬ್ಲಾಕ್ ಎನ್ನುತ್ತಾರೆ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ವರ್ಷಗಳ ನಂತರವೂ ಅದರಿಂದ ಡಿಎನ್‌ಎ ತೆಗೆಯಬಹುದು. ಮೊದಲು ಶಸ್ತ್ರಚಿಕಿತ್ಸೆ ನಡೆದ ಖಾಸಗಿ ಆಸ್ಪತ್ರೆಗೆ ಮೂರು ಸಲ ಅಲೆದೆ. ಅಷ್ಟು ಹಳೆಯದನ್ನು ಇಟ್ಟುಕೊಂಡಿಲ್ಲ ಎಂದುಬಿಟ್ಟರು. ಅದು ನನ್ನ ಅಕ್ಕನ ದೇಹದ ಭಾಗ, ಸ್ವಾಮಿ. ಎಸೆಯುವ ಮೊದಲು ಒಂದು ಮಾತು ಹೇಳಬಾರದಿತ್ತೇ?

ಕೊನೆಗೆ ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ1 ವಂಶವಾಹಿಯ ದೋಷ ಕಂಡಿತು. ಈ ದೋಷವಿದ್ದವರಿಗೆ ಇನ್ನೊಂದು ಸ್ತನದಲ್ಲಿ ಪ್ರತ್ಯೇಕವಾಗಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು. ಅದನ್ನೇ ಆಧಾರವಾಗಿಟ್ಟುಕೊಂಡು, ಹೊಸ ಗಡ್ಡೆಯೆಂದೇ ಭಾವಿಸಿ ಚಿಕಿತ್ಸೆ ನೀಡಿದರು. ದೋಷ ಮಗಳಿಗೆ ದಾಟಿರುವ ಸಾಧ್ಯತೆ ಶೇ 50ರಷ್ಟು. ಅವಳಿನ್ನೂ ಪರೀಕ್ಷೆಗೆ ಮನಸ್ಸು ಮಾಡಿಲ್ಲ, ನಾನು ಒತ್ತಾಯಿಸಿಲ್ಲ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ನಿಮ್ಮ ಕೈಯಲ್ಲಿದೆ. ಕ್ಯಾನ್ಸರ್ ರೋಗಿಯ ಬ್ಲಾಕನ್ನು ವಿಲೇವಾರಿ ಮಾಡುವ ಮುನ್ನ ರೋಗಿಗೆ ಲಿಖಿತವಾಗಿ ತಿಳಿಸಿ, ಬೇಕೆಂದರೆ ಕೊಡಲೇಬೇಕು ಎಂಬ ನಿಯಮ ತನ್ನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಬರುವ ಹೆಣ್ಣುಮಗಳಿಗೆ ಎರಡನೆಯ ಗಡ್ಡೆ ಕಂಡಾಗ, ವೈದ್ಯರು ಸೂಚಿಸುವ ವಂಶವಾಹಿ ಪರೀಕ್ಷೆಗಳ ಖರ್ಚು ಅವಳ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳಿ.

ಅಕ್ಕನ ಎರಡನೆಯ ಗಡ್ಡೆಯ ಬ್ಲಾಕನ್ನು ಈ ಸಲ ಅರ್ಜಿ ಕೊಟ್ಟು ತಂದು, ಮನೆಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.

ಇತಿ,
ಒಬ್ಬ ರೋಗಿಯ ತಂಗಿ