ದೂರಿನಿಂದ ತೀರ್ಪಿನವರೆಗೆ ಒಬ್ಬರೇ ಜೊತೆಗಿರಲಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೊಪ್ಪಳ ಜಿಲ್ಲೆಯಲ್ಲಿ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ಮತ್ತು ಮಕ್ಕಳ ಪರವಾಗಿ ಆಪ್ತಸಮಾಲೋಚಕಿಯಾಗಿ ದುಡಿಯುತ್ತಿರುವ ನಾನು, ಈ ಕೆಲಸವನ್ನು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯಿಂದ ಬಿಡಿಸಿ, ಪ್ರಕರಣವೊಂದನ್ನು ಕೈಗೆತ್ತಿಕೊಂಡವರು ತೀರ್ಪು ಬರುವವರೆಗೂ ಅದರೊಂದಿಗೇ ಇರುವಂಥ ಕಾಯಂ ವೃತ್ತಿಯನ್ನಾಗಿ ಮಾಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ಸಮಾಧಾನದ ಮಾತು ಹೇಳಿ ಕಳಿಸುವುದೇ ನಮ್ಮ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಪಕ್ಕದಲ್ಲಿ ಕೂರುವುದು, ವೈದ್ಯಕೀಯ ತಪಾಸಣೆಯಲ್ಲಿ ಏನೇನು ನಡೆಯುತ್ತದೆಂದು ಮೊದಲೇ ತಿಳಿಸುವುದು, ಪರಿಹಾರದ ಅರ್ಜಿಗೆ ಬೇಕಾದ ಎಫ್‌ಐಆರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಹೊಂದಿಸಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸುವುದು, ಶಾಲೆ ಬಿಟ್ಟ ಹುಡುಗಿಗಾಗಿ ಮುಖ್ಯೋಪಾಧ್ಯಾಯರ ಮನವೊಲಿಸುವುದು, ಇವೆಲ್ಲ ಒಬ್ಬರೇ ಮಾಡುವ ಕೆಲಸಗಳು.

ಎಲ್ಲಕ್ಕಿಂತ ಕಠಿಣವಾದದ್ದು ನ್ಯಾಯಾಲಯದ ದಿನ. ಸಾಕ್ಷ್ಯ ನುಡಿಯುವಾಗ ಮಗುವಿನ ಕಣ್ಣಿಗೆ ಆರೋಪಿ ಬೀಳದಂತೆ ನೋಡಿಕೊಳ್ಳಬೇಕೆಂದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 36ನೇ ಕಲಂ ವಿಧಿಸಿದೆ. ಆ ರಕ್ಷಣೆ ಕೋರ್ಟ್ ಹಾಲಿನ ಒಳಗಿನದು. ಕುಷ್ಟಗಿ ಕಡೆಯ ಒಳಹಳ್ಳಿಯಿಂದ ಬೆಳಿಗ್ಗೆ ಹೊರಡುವ ಒಂದೇ ಬಸ್ಸಿಗೆ ಆರೋಪಿಯ ಕಡೆಯವರೂ ಹತ್ತುತ್ತಾರೆ, ಹೊರಗಿನ ಪಡಸಾಲೆಯ ಬೆಂಚಿನ ಮೇಲೂ ಅವರೇ ಕುಳಿತಿರುತ್ತಾರೆ. "ಅಕ್ಕಾರ, ಬಸ್ಸಿನ್ಯಾಗೂ ಅವ್ರ, ಇಲ್ಲೂ ಅವ್ರ. ನಾವ್ ಎಲ್ಲಿ ಕುಂದರೂಣ್ರಿ?" ಎಂದು ತಾಯಿಯೊಬ್ಬಳು ಕೇಳಿದ್ದಳು. ಮಗಳು ಅವಳ ಸೆರಗಿನೊಳಗೆ ಮುಖ ಹುದುಗಿಸಿ ನಿಂತಿದ್ದಳು. ಆ ಪಡಸಾಲೆಯಲ್ಲೇ ರಾಜಿಯ ಮಾತು ಶುರುವಾಗುತ್ತದೆ. ಆದದ್ದಾಯಿತು, ಹುಡುಗಿಯ ಮದುವೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಊರಿನ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಹೇಳುತ್ತಾರೆ. ಕೂಲಿ ಬಿಟ್ಟು ಬಂದ ತಾಯಿಗೆ, ವಾಯಿದೆ ಮತ್ತೆ ಮುಂದಕ್ಕೆ ಹೋಯಿತೆಂದು ತಿಳಿದ ಆ ಗಳಿಗೆಯಲ್ಲಿ, ಅವಳ ಪರವಾಗಿ ನಿಂತು ಮಾತಾಡುವವರು ಯಾರೂ ಇಲ್ಲದಿದ್ದರೆ ಸಾಕ್ಷಿ ಪ್ರತಿಕೂಲವಾಗುತ್ತದೆ, ಅಂದರೆ ಮೊದಲು ಕೊಟ್ಟ ಹೇಳಿಕೆಗೆ ವಿರುದ್ಧವಾಗಿ ನುಡಿಯುತ್ತದೆ. ಇದಕ್ಕಾಗಿ ಅವಳನ್ನು ದೂರುವ ಹಕ್ಕು ನಮಗಾರಿಗೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದ ಇನ್ನೊಂದು ಸಂಗತಿ ಬೆಂಗಳೂರಿನಿಂದ ನೋಡುವವರಿಗೆ ಸುಲಭವಾಗಿ ಕಾಣದು. ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿ, ಕನಕಗಿರಿ ಕಡೆಯ ಕುಟುಂಬಗಳು ಗುಳೆ ಹೋಗುತ್ತವೆ. ಮನೆಗೆ ಬೀಗ ಬಿದ್ದಿರುತ್ತದೆ, ಸಮನ್ಸ್ ಜಾರಿಯಾಗದೆ ಹಿಂದಿರುಗುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ. ಅವರು ಬೆಂಗಳೂರಿನ ಯಾವ ಕಟ್ಟಡದ ಕೆಲಸದಲ್ಲಿದ್ದಾರೆ, ಯಾವ ಮೇಸ್ತ್ರಿಗೆ ಕರೆ ಮಾಡಿದರೆ ಸಿಗುತ್ತಾರೆ ಎಂಬುದು ಆ ಕುಟುಂಬದ ವಿಶ್ವಾಸ ಗಳಿಸಿದ ಸಮಾಲೋಚಕಿಗೆ ಗೊತ್ತಿರುತ್ತದೆ. ಅವಳ ಗುತ್ತಿಗೆ ಮುಗಿದ ದಿನ ಆ ತಿಳಿವಳಿಕೆಯೂ ಅವಳೊಂದಿಗೆ ಹೊರಟುಹೋಗುತ್ತದೆ. ಹೊಸದಾಗಿ ಬಂದವರ ಮುಂದೆ ಹುಡುಗಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕು, ಇಲ್ಲವೇ ಸುಮ್ಮನಾಗಬೇಕು. ಹಲವರು ಸುಮ್ಮನಾಗುತ್ತಾರೆ.

ನಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದೌರ್ಜನ್ಯ ನಡೆದದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ ಸಾಕ್ಷಿಗಳು ಅದೇ ಊರಲ್ಲಿ ಬದುಕು ನಡೆಸಬೇಕಾದಾಗ, ಹನ್ನೊಂದು ತಿಂಗಳ ಆದೇಶಪತ್ರ ಹಿಡಿದವರು ಅವರಿಗೆ ಏನೆಂದು ಭರವಸೆ ಕೊಡಬಲ್ಲರು?

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿಗೆ ನೆರವಾಗಲು ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು, ಮತ್ತು ಅವರಿಗೆ ಕೊಡುವ ಶುಲ್ಕ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು. 2023ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಈ ಕೆಲಸದವರ ಸಂಭಾವನೆ ಅವರ ವಿದ್ಯಾರ್ಹತೆ ಮತ್ತು ಅನುಭವಕ್ಕೆ ತಕ್ಕಂತಿರಬೇಕೆಂದು ಹೇಳಿತು. ಹೀಗಿದ್ದೂ ಗೌರವಧನಕ್ಕಾಗಿ ತಿಂಗಳುಗಟ್ಟಲೆ ಕಾಯುವ, ಹಳ್ಳಿಗೆ ಹೋಗಿಬರುವ ಬಸ್ ಚಾರ್ಜನ್ನು ಸ್ವಂತ ಜೇಬಿನಿಂದ ಹಾಕುವ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿ ಆಸಕ್ತಿಯಿಂದ ಬಂದ ಯುವತಿಯರು, ಕೆಲಸ ಕೈಗೆ ಹತ್ತುವ ಹೊತ್ತಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿಯುವುದು ಸಹಜವೇ ಆಗಿದೆ. ಮದುವೆಗೆ ಸಂಬಂಧ ನೋಡುವವರೂ ಇದನ್ನು ನೌಕರಿ ಎಂದು ಎಣಿಸುವುದಿಲ್ಲ.

ಆದ್ದರಿಂದ ನೊಂದ ಮಹಿಳೆಯರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರಗಳ ಆಪ್ತಸಮಾಲೋಚಕರನ್ನೂ ಪೋಕ್ಸೊ ಪ್ರಕರಣಗಳ ಬೆಂಬಲ ವ್ಯಕ್ತಿಗಳನ್ನೂ ಸೇರಿಸಿ ಜಿಲ್ಲಾ ಮಟ್ಟದಲ್ಲಿ ಒಂದು ವೃಂದ ರಚಿಸಿ, ವೇತನ ಶ್ರೇಣಿ ನಿಗದಿಪಡಿಸಿ, ನೇಮಕಾತಿ ನಿಯಮ ರೂಪಿಸಬೇಕೆಂದು ಕೋರುತ್ತೇನೆ. ಅದಕ್ಕೆ ಸಮಯ ಹಿಡಿಯುವುದಾದರೆ, ಸಾಕ್ಷಿ ವಿಚಾರಣೆ ಬಾಕಿ ಇರುವ ಪ್ರಕರಣದ ಹೊಣೆ ಹೊತ್ತವರನ್ನು ನಡುವೆ ಬಿಡುಗಡೆ ಮಾಡಕೂಡದೆಂಬ ಸುತ್ತೋಲೆಯನ್ನಾದರೂ ತಕ್ಷಣ ಹೊರಡಿಸಬಹುದು. ಪ್ರತಿದಿನ ಇಂಥ ಸಂಕಟಗಳನ್ನು ಕೇಳುವವರ ಮನಸ್ಸಿಗೂ ಆಸರೆ ಬೇಕಾಗುತ್ತದೆ. ಅನುಭವಿ ಮನಃಶಾಸ್ತ್ರಜ್ಞರೊಂದಿಗೆ ತಿಂಗಳಿಗೊಮ್ಮೆ ಮಾತುಕತೆಗೆ ಅವಕಾಶವಾಗಲಿ. ಜಿಲ್ಲಾ ಕೇಂದ್ರದ ನ್ಯಾಯಾಲಯದ ಆವರಣದಲ್ಲಿ ನೊಂದವರಿಗಾಗಿ ಒಂದು ಪ್ರತ್ಯೇಕ ಕೋಣೆ ಸಿಗುವಂತೆ ತಮ್ಮ ಇಲಾಖೆ ನ್ಯಾಯಾಂಗದೊಂದಿಗೆ ಪತ್ರವ್ಯವಹಾರ ನಡೆಸಲಿ.

ನಮ್ಮಲ್ಲಿ ಹಲವರ ಗುತ್ತಿಗೆ ಮಾರ್ಚ್ ಅಂತ್ಯಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲು ತಮ್ಮಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಪ್ತಸಮಾಲೋಚಕಿ, ಕೊಪ್ಪಳ ಜಿಲ್ಲೆ